ಪೆನ್ನು ಅವರ ಕೈಗೆ ಕೊಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಅನಿಮೇಷನ್ ಕುರಿತವೇ ಹೆಚ್ಚು, ಅವೂ ನಮ್ಮ ಜಿಲ್ಲೆಯವೇ. ಹೊಸ ಓದುಗರಿಗಾಗಿ ನನ್ನ ಪರಿಚಯ: ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಅನಿಮೇಷನ್ ತಂತ್ರಾಂಶ ಬರೆಯುವ ನಾಲ್ಕು ಜನರ ತಂಡದಲ್ಲಿದ್ದೆ. ಈಗ ಸಾಗರದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಕೂತು ಅದೇ ಕೆಲಸ ಮಾಡುತ್ತೇನೆ. ನಮ್ಮ ತಂತ್ರಾಂಶದ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಅಂಕಣ ಜಾಹೀರಾತಾಗುತ್ತದೆ.

ಪ್ರಶ್ನೆ: ಅಕ್ಕಾ, ನಾವು ಮೂವರು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮುಗಿಸಿದವರು. ಎರಡು ವರ್ಷದಿಂದ ಸೇರಿಕೊಂಡು, ಕೈಯಲ್ಲಿ ಬರೆದು ಅನಿಮೇಷನ್ ಮಾಡುವ ಒಂದು ಸಣ್ಣ ತಂತ್ರಾಂಶ ಮಾಡಿದ್ದೇವೆ. ಬೆಂಗಳೂರಿನ ಒಂದು ಅನಿಮೇಷನ್ ಉತ್ಸವದಲ್ಲಿ ಮೂರು ದಿನಕ್ಕೆ ಮಳಿಗೆ ಸಿಕ್ಕಿದೆ. ಒಂದು ಮೇಜು, ಎರಡು ಕುರ್ಚಿ, ಹಿಂದೊಂದು ಗೋಡೆ, ಅಷ್ಟೇ. ನಲವತ್ತು ಸ್ಲೈಡ್ ಓಡಿಸೋಣ ಅಂತ ಒಬ್ಬ, ಮೂರು ನಿಮಿಷದ ವಿಡಿಯೊ ಸಾಕು ಅಂತ ಇನ್ನೊಬ್ಬ. ನೀವು ಫ್ರಾನ್ಸಿನ ಉತ್ಸವದಲ್ಲಿ ಮಳಿಗೆ ಹಾಕಿದ್ದಿರಿ ಅಂತ ಹಿಂದೊಮ್ಮೆ ಬರೆದಿದ್ದಿರಿ. ಏನು ತೋರಿಸಿದರೆ ಜನ ನಿಲ್ಲುತ್ತಾರೆ?
— ಮೂವರು ಗೆಳೆಯರು, ಶಿವಮೊಗ್ಗ

ಉತ್ತರ: ಮೊದಲು ಮೂವರಿಗೂ ಶಹಬ್ಬಾಸ್. ಎರಡು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂರುವುದು ಸಣ್ಣ ಮಾತಲ್ಲ.

ಸ್ಲೈಡೂ ಬೇಡ, ವಿಡಿಯೊನೂ ಬೇಡ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್, ಒಂದು ಪೆನ್ ಟ್ಯಾಬ್ಲೆಟ್ (ಪೆನ್ನಿನಿಂದ ಬರೆದದ್ದು ಪರದೆಯಲ್ಲಿ ಮೂಡುವ ಹಲಗೆ) ಇಡಿ. ಕತ್ತಿ ಕೊಡುವಾಗ ಹಿಡಿಯನ್ನು ಎದುರಿನವರ ಕಡೆ ತಿರುಗಿಸಿ ಕೊಡುತ್ತೇವಲ್ಲ, ಹಾಗೆ ಪೆನ್ನನ್ನು ಬಂದವರ ಕಡೆ ತಿರುಗಿಸಿಡಿ. ‘ಬರೆದು ನೋಡಿ’ ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ಅವರ ಕೈ ನೋಡಿ. ಇದನ್ನು ನಾನು ಕಲಿತದ್ದು ಹೇಗೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಬರೀ ಸಲಹೆ ಕೊಟ್ಟರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

2019ರ ಜೂನ್. ಫ್ರಾನ್ಸಿನ ಆನ್ಸಿ ಅನ್ನುವ ಊರು ಆಲ್ಪ್ಸ್ ಬೆಟ್ಟಗಳ ನಡುವೆ, ಸರೋವರದ ದಡದಲ್ಲಿದೆ. ಅಲ್ಲಿ 1960ರಿಂದ ಅನಿಮೇಷನ್ ಉತ್ಸವ ನಡೆಯುತ್ತಿದೆ. ಮೊದಲು ಎರಡು ವರ್ಷಕ್ಕೊಮ್ಮೆ ಇತ್ತು, 1998ರಿಂದ ವರ್ಷ ವರ್ಷವೂ ಆಗುತ್ತದೆ. 1985ರಲ್ಲಿ ಅದರ ಜೊತೆಗೆ ಮಿಫಾ ಅನ್ನುವ ಮಾರುಕಟ್ಟೆ ಶುರುವಾಯಿತು. ಸಿನಿಮಾ ಕೊಳ್ಳುವವರು, ದುಡ್ಡು ಹಾಕುವವರು, ಸ್ಟುಡಿಯೊದವರು, ನಮ್ಮಂಥ ತಂತ್ರಾಂಶದವರು ಎಲ್ಲ ಸೇರುವುದು ಅಲ್ಲಿ. ಊರಿನ ಚಿತ್ರಮಂದಿರಗಳಲ್ಲಂತೂ ಜಾತ್ರೆಯ ಕಳೆ. ಸಿನಿಮಾ ಶುರುವಾಗುವ ಮುಂಚೆ ಕೂತವರೆಲ್ಲ ಕಾಗದದ ವಿಮಾನ ಮಡಚಿ ವೇದಿಕೆಯ ಕಡೆ ಹಾರಿಸುತ್ತಾರೆ. ಒಂದು ವಿಮಾನ ವೇದಿಕೆ ಮುಟ್ಟಿತೋ, ಇಡೀ ಮಂದಿರ ಕೂಗಿ ಚಪ್ಪಾಳೆ ತಟ್ಟುತ್ತದೆ. ಆ ವರ್ಷ ಊರಲ್ಲಿ ಮಳೆ ತಡ. ಅಪ್ಪ ದಿನಾ ಸಂಜೆ ಫೋನು ಮಾಡಿ ‘ಇನ್ನೂ ಹಿಡೀಲಿಲ್ಲ ಕಣೆ’ ಅನ್ನುತ್ತಿದ್ದರು. ನಾನು ಅಲ್ಲಿ ಸರೋವರದ ದಡದಲ್ಲಿ ನಿಂತು ತೋಟದ ಚಿಂತೆ ಕೇಳುತ್ತಿದ್ದೆ.

ಮೊದಲ ಅರ್ಧ ದಿನ ನಾವೂ ವಿಡಿಯೊನೇ ಓಡಿಸಿದೆವು. ಮೂರು ತಿಂಗಳು ಕೂತು ಮಾಡಿದ ವಿಡಿಯೊ ಅದು. ಜನ ನಡೆಯುತ್ತ ನಡೆಯುತ್ತ ತಲೆ ತಿರುಗಿಸಿ ನೋಡಿ, ನಡೆಯುತ್ತಲೇ ಹೋದರು. ಮಧ್ಯಾಹ್ನ ವಿದ್ಯಾರ್ಥಿನಿಯೊಬ್ಬಳು ನಿಂತು, ಮೂಲೆಯಲ್ಲಿ ನಾವು ನಮಗೆಂದೇ ಇಟ್ಟುಕೊಂಡಿದ್ದ ಟ್ಯಾಬ್ಲೆಟ್ ತೋರಿಸಿ, ‘ಬರೆಯಲೇ?’ ಅಂತ ಕೇಳಿದಳು. ಕೂತಳು. ಒಂದು ಬೆಕ್ಕು ಬರೆದಳು, ಅದರ ಬಾಲ ಅಲ್ಲಾಡಿಸಿದಳು. ಅವಳ ಬೆನ್ನ ಹಿಂದೆ ಐದು ನಿಮಿಷದಲ್ಲಿ ಏಳೆಂಟು ಜನ ಸೇರಿದರು. ವಿಡಿಯೊಗೆ ನಿಲ್ಲದವರು ಬರೆಯುವ ಕೈ ನೋಡಲು ನಿಂತರು. ಪರದೆಯನ್ನು ಅವಳ ಕಡೆ ತಿರುಗಿಸಿದೆವು. ವಿಡಿಯೊ ಮತ್ತೆ ಹಾಕಲೇ ಇಲ್ಲ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಪಾಠ. ಒಬ್ಬರು ಬರೆಯುತ್ತ ಬರೆಯುತ್ತ ಚಿತ್ರ ಇದ್ದಕ್ಕಿದ್ದ ಹಾಗೆ ಮಾಯ. ಕಡತವೇ ಮುಚ್ಚಿಹೋಯಿತು. ಕ್ಷಮೆ ಕೇಳಿ ಹೊಸದು ತೆಗೆದುಕೊಟ್ಟೆವು. ಅರ್ಧ ಗಂಟೆಗೆ ಇನ್ನೊಬ್ಬರದ್ದು. ಸಂಜೆಯೊಳಗೆ ನಾಲ್ಕು ಜನರ ಚಿತ್ರ ಹೋಯಿತು. ನಮ್ಮ ಕೈಕಾಲು ತಣ್ಣಗಾಯಿತು. ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಓಡಿಸಿದಾಗ ಒಂದು ಸಲವೂ ಹೀಗಾಗಿರಲಿಲ್ಲ. ದಾಖಲೆ ತೆಗೆದು ನೋಡಿದರೆ ತಂತ್ರಾಂಶ ಕೆಟ್ಟು ನಿಂತದ್ದೇ ಅಲ್ಲ, ‘ಮುಚ್ಚು’ ಅಂತ ಯಾರೋ ಆಜ್ಞೆ ಕೊಟ್ಟ ಹಾಗಿದೆ. ಕೊಟ್ಟವರು ಯಾರು?

ಗುಟ್ಟು ಗೊತ್ತಾದದ್ದು ಮರುದಿನ ಬೆಳಿಗ್ಗೆ. ಒಬ್ಬ ಚಿತ್ರಕಾರ್ತಿ ಬರೆಯಲು ಕೂತರು. ನಾನು ಪರದೆ ನೋಡಲಿಲ್ಲ, ಅವರ ಎಡಗೈ ಮಾತ್ರ ನೋಡುತ್ತ ನಿಂತೆ. ಒಂದು ಗೆರೆ ತಪ್ಪಿತು. ಕಿರುಬೆರಳು ಕಂಟ್ರೋಲ್ ಗುಂಡಿಯ ಮೇಲೆ ಹೋಯಿತು, ಇನ್ನೊಂದು ಬೆರಳು ನಾವು ಕಾಯುತ್ತಿದ್ದ ಕೆಳಸಾಲಿನ ಝಡ್‌ಗೆ ಹೋಗದೆ ಮೇಲಿನ ಸಾಲಿಗೆ ಹೋಯಿತು. ಫ್ರೆಂಚರ ಕೀಬೋರ್ಡಿನಲ್ಲಿ ಅಕ್ಷರಗಳ ಜಾಗ ಬೇರೆ. ನಮ್ಮ ಕೀಬೋರ್ಡಿನಲ್ಲಿ ಡಬ್ಲ್ಯು ಇರುವ ಜಾಗದಲ್ಲಿ ಅವರಿಗೆ ಝಡ್ ಇರುತ್ತದೆ. ತಪ್ಪಿದ ಗೆರೆ ವಾಪಸು ತೆಗೆಯಲು ಅವರು ಅಭ್ಯಾಸಬಲದಿಂದ ಒತ್ತಿದ್ದು ಕಂಟ್ರೋಲ್ ಝಡ್. ನಮ್ಮ ಲ್ಯಾಪ್‌ಟಾಪಿಗೆ ಅದು ಮುಟ್ಟಿದ್ದು ಕಂಟ್ರೋಲ್ ಡಬ್ಲ್ಯು, ಅಂದರೆ ಕಡತ ಮುಚ್ಚು. ಮುಚ್ಚುವ ಮುಂಚೆ ‘ಉಳಿಸಬೇಕೆ?’ ಅಂತ ಕೇಳುವ ಕಿಟಕಿಯನ್ನು ನಾವೇ, ಒಬ್ಬರಾದ ಮೇಲೆ ಒಬ್ಬರಿಗೆ ಬೇಗ ಬೇಗ ತೆಗೆದುಕೊಡಲಿ ಅಂತ, ಮಳಿಗೆಗಾಗಿ ತೆಗೆದುಹಾಕಿದ್ದೆವು. ಎರಡು ಸಣ್ಣ ಆತುರ ಸೇರಿ ನಾಲ್ಕು ಜನರ ಕೆಲಸ ನುಂಗಿತ್ತು. ಮಧ್ಯಾಹ್ನದ ಊಟ ಬಿಟ್ಟು ಸರಿಮಾಡಿದೆವು. ಬೆಂಗಳೂರಿನ ಕೋಣೆಯಲ್ಲಿ ಹತ್ತು ವರ್ಷ ಕೂತಿದ್ದರೂ ಇದು ನಮಗೆ ಹೊಳೆಯುತ್ತಿರಲಿಲ್ಲ.

ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಎಪ್ಪತ್ತರ ಆಸುಪಾಸಿನ ಹಿರಿಯರು, ಕಾಗದದ ಮೇಲೆ ಕೆಲಸ ಮಾಡಿ ಬೆಳೆದವರು. ನಮಗೆ ಫ್ರೆಂಚ್ ಬಾರದು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಚೆಂಡು ಪುಟಿಯುವುದನ್ನು ಬರೆದರು. ಹಿಂದಿನ ಚಿತ್ರ ಮಸುಕಾಗಿ ಕಾಣುವ ಸೌಲಭ್ಯ ತೋರಿಸಿದೆವು, ನಾವು ಅದನ್ನು ಈರುಳ್ಳಿ ಸಿಪ್ಪೆ ಅನ್ನುತ್ತೇವೆ. ಅವರು ತಲೆಯಾಡಿಸಿದರು, ಸಾಲದು ಅಂತ. ನಮ್ಮ ನೋಟ್‌ಬುಕ್ಕಿನಿಂದ ಮೂರು ಹಾಳೆ ಹರಿದುಕೊಂಡರು. ಮೂರರಲ್ಲೂ ಚೆಂಡು ಬರೆದು, ಹಾಳೆಗಳನ್ನು ಬೆರಳುಗಳ ಸಂದಿಗೆ ಸಿಕ್ಕಿಸಿ, ಪಟ ಪಟ ಅಂತ ಮುಂದಕ್ಕೂ ಹಿಂದಕ್ಕೂ ಹೊರಳಿಸಿದರು. ಚೆಂಡು ಅವರ ಬೆರಳ ನಡುವೆ ಎದ್ದು ಬಿದ್ದು ಮಾಡಿತು. ಆಮೇಲೆ ನಮ್ಮ ಪರದೆ ತೋರಿಸಿ ಕೈ ಅಗಲಿಸಿದರು: ಇದು ಇಲ್ಲಿ ಎಲ್ಲಿ?

ಮಸುಕು ಚಿತ್ರ ಎಲ್ಲಿದೆ ಅಂತ ಹೇಳುತ್ತದೆ, ಹೇಗೆ ಹೋಗುತ್ತದೆ ಅಂತ ಹೇಳುವುದಿಲ್ಲ. ಪೆನ್ನು ಎತ್ತದೆಯೇ ಎಡಗೈಯ ಎರಡು ಗುಂಡಿಗಳಿಂದ ಹಿಂದಿನ, ಮುಂದಿನ ಚಿತ್ರಕ್ಕೆ ಹೊರಳುವ ವ್ಯವಸ್ಥೆಯನ್ನು ನಾವು ಊರಿಗೆ ಬಂದ ಮೇಲೆ ಮಾಡಿದೆವು. ಇವತ್ತಿಗೂ ನಮ್ಮ ಬಳಕೆದಾರರು ಅತಿ ಹೆಚ್ಚು ಒತ್ತುವ ಗುಂಡಿಗಳು ಅವೇ. ಆ ಮೂರು ಹಾಳೆ ನನ್ನ ಮೇಜಿನ ಗಾಜಿನಡಿ ಇವೆ.

ಈಗ ನಿಮ್ಮ ಮಳಿಗೆಗೆ ಬರೋಣ. ಉತ್ಸವಕ್ಕೆ ಹತ್ತು ದಿನ ಇರುವಾಗ ಹೊಸ ಕೋಡ್ ಸೇರಿಸುವುದನ್ನು ನಿಲ್ಲಿಸಿ, ತಪ್ಪು ತಿದ್ದುವುದು ಮಾತ್ರ ಇರಲಿ. ಅದಕ್ಕೂ ಮುಂಚೆ ಶಿವಮೊಗ್ಗದಲ್ಲೇ ಒಂದು ದಿನ ಮೇಜು ಹಾಕಿ ನೋಡಿ. ಡ್ರಾಯಿಂಗ್ ಮೇಷ್ಟ್ರು, ಅಂಗಡಿ ಬೋರ್ಡ್ ಬರೆಯುವವರು, ಎಡಗೈಯಲ್ಲಿ ಬರೆಯುವ ಒಬ್ಬರಾದರೂ ಬರಲಿ. ಎಡಚರಿಗೆ ನಿಮ್ಮ ಗುಂಡಿಗಳೆಲ್ಲ ತಿರುವುಮುರುವು ಅನ್ನುವುದು ಅವತ್ತೇ ಗೊತ್ತಾಗುತ್ತದೆ. ಮೂವರಲ್ಲಿ ಒಬ್ಬರು ಬಂದವರ ಜೊತೆ ಇರಿ, ಒಬ್ಬರು ಪಕ್ಕದಲ್ಲಿ ಕೂತು ಬರೆದುಕೊಳ್ಳಿ, ಮೂರನೆಯವರು ಉಂಡು ಬರಲಿ, ಆಮೇಲೆ ಬದಲಾಯಿಸಿಕೊಳ್ಳಿ. ಬರೆದುಕೊಳ್ಳುವುದು ಕಾಗದದ ನೋಟ್‌ಬುಕ್ಕಿನಲ್ಲೇ ಆಗಲಿ. ‘ಚೆನ್ನಾಗಿದೆ ಅಂದರು’ ಅಂತ ಬರೆದುಕೊಂಡರೆ ಉಪಯೋಗವಿಲ್ಲ. ಅವರು ಏನು ಮಾಡಲು ಹೋದರು, ಕೈ ಎಲ್ಲಿ ತಡವರಿಸಿತು, ಎಷ್ಟು ಹೊತ್ತು ಹುಡುಕಿದರು, ಇದನ್ನು ಬರೆಯಿರಿ. ಪೆನ್ನಿನ ಬದಲಿ ತುದಿಗಳು, ಒಂದು ಹೆಚ್ಚುವರಿ ಕೇಬಲ್, ಉದ್ದದ ಎಕ್ಸ್‌ಟೆನ್ಷನ್ ಬಾಕ್ಸ್ ಮರೆಯಬೇಡಿ. ಬಂದವರ ಚಿತ್ರ ಇಟ್ಟುಕೊಳ್ಳುವುದಾದರೆ ಕೇಳಿ ಇಟ್ಟುಕೊಳ್ಳಿ, ಅವರಿಗೂ ಒಂದು ಪ್ರತಿ ಕಳಿಸಿ.

‘ಬೇರೆ ದೊಡ್ಡ ತಂತ್ರಾಂಶ ಇರುವಾಗ ನಿಮ್ಮದು ಯಾಕೆ?’ ಅಂತ ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮದರಲ್ಲಿ ಏನು ಆಗುವುದಿಲ್ಲ ಅನ್ನುವುದನ್ನು ಮೊದಲು ಹೇಳಿ. ಅಷ್ಟು ಹೇಳಿದ ಮೇಲೆ, ಆಗುವುದನ್ನು ಹೇಳಿದಾಗ ಅವರು ನಂಬುತ್ತಾರೆ. ಮುಗಿಸಿ ಬಂದ ಮೇಲೆ ನಿಮ್ಮ ನೋಟ್‌ಬುಕ್ಕಿನಲ್ಲಿ ಏನಿತ್ತು ಅಂತ ನನಗೆ ಬರೆಯಲೇಬೇಕು, ಕಾಯುತ್ತಿರುತ್ತೇನೆ.

ಪ್ರಶ್ನೆ: ಮೇಡಂ, ಅನಿಮೇಷನ್ನಿನಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಬೇಕು ಅಂತ ಓದಿದೆ. ಒಂದು ನಿಮಿಷಕ್ಕೆ 1,440 ಆಯಿತು. ಇಷ್ಟು ಬರೆಯುವವರು ನಿಜವಾಗಲೂ ಇದ್ದಾರಾ?
— ಪಿಯುಸಿ ವಿದ್ಯಾರ್ಥಿ, ಹೊಸನಗರ

ಉತ್ತರ: ಇದ್ದಾರೆ, ಆದರೆ ಎಲ್ಲ ಸಲವೂ ಅಷ್ಟು ಬೇಕಿಲ್ಲ. ಪರದೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಹಾಯುವುದು ನಿಜ. ಒಂದೇ ಚಿತ್ರವನ್ನು ಎರಡೆರಡು ಚೌಕಟ್ಟು ಹಿಡಿದರೆ 12 ಚಿತ್ರ ಸಾಕು, ಕೈಯಲ್ಲಿ ಬರೆಯುವ ಹೆಚ್ಚಿನವರು ಮಾಡುವುದು ಹಾಗೇ. ಪಾತ್ರ ಸುಮ್ಮನೆ ನಿಂತಾಗ ಒಂದೇ ಚಿತ್ರ ಒಂದು ಸೆಕೆಂಡ್ ನಿಂತರೂ ನಡೆಯುತ್ತದೆ. ತೀರಾ ವೇಗದ ಓಟಕ್ಕೆ ಮಾತ್ರ ಪ್ರತಿ ಚೌಕಟ್ಟಿಗೂ ಹೊಸದು ಬೇಕಾಗುತ್ತದೆ.

ನಿನಗೊಂದು ಅಭ್ಯಾಸ ಕೊಡುತ್ತೇನೆ. ಕೊನೆಗಾರ ಒಂದು ಅಡಿಕೆ ಮರದಿಂದ ಪಕ್ಕದ ಮರಕ್ಕೆ ದಾಟುವುದನ್ನು ನೋಡಿರುತ್ತೀಯ. ಅವನು ನೇರ ಹೋಗುವುದಿಲ್ಲ. ಮೊದಲು ಮೈಯನ್ನು ಎದುರು ದಿಕ್ಕಿಗೆ ಎಳೆಯುತ್ತಾನೆ, ಮರ ಬಾಗಿ ಇತ್ತ ಬರುತ್ತದೆ, ಆಗ ಕೈ ಚಾಚುತ್ತಾನೆ, ಹಿಡಿದ ಮೇಲೆ ಬಿಟ್ಟ ಮರ ಹಿಂದೆ ಹೋಗಿ ತೂಗಿ ತೂಗಿ ನಿಲ್ಲುತ್ತದೆ. ನಾಲ್ಕು ಮುಖ್ಯ ಚಿತ್ರ ಮೊದಲು ಬರೆ, ನಡುವಿನವನ್ನು ಆಮೇಲೆ ತುಂಬು. ಬಿಟ್ಟ ಮರ ತೂಗುವುದನ್ನು ಬಿಡಬೇಡ, ಜೀವ ಇರುವುದು ಅಲ್ಲೇ.

ಪ್ರಶ್ನೆ: ಅಮ್ಮಾ, ನಮ್ಮದು ಮೂರೆಕರೆ ಅಡಿಕೆ ತೋಟ. ಮಗ ದ್ವಿತೀಯ ಪಿಯುಸಿ. ಓದುವ ಹೊತ್ತಿನಲ್ಲಿ ಚಿತ್ರ ಬರೆದು ಕಂಪ್ಯೂಟರಿನಲ್ಲಿ ಕುಣಿಸುತ್ತಾನೆ. ಅನಿಮೇಷನ್ ಕಲಿಯುತ್ತೇನೆ ಅನ್ನುತ್ತಾನೆ. ಒಂದು ಕಡೆ ವಿಚಾರಿಸಿದರೆ ತಂತ್ರಾಂಶಕ್ಕೇ ಬೇರೆ ದುಡ್ಡು, ಕೋರ್ಸಿಗೆ ಲಕ್ಷಗಟ್ಟಲೆ ಅಂದರು. ಪುಕ್ಕಟೆ ತಂತ್ರಾಂಶ ಇದೆ ಅಂತ ಮಗ ಹೇಳುತ್ತಾನೆ. ಪುಕ್ಕಟೆ ಸಿಕ್ಕಿದ್ದು ಚೆನ್ನಾಗಿರುತ್ತದಾ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹಿರಿಯರೇ, ನಿಮ್ಮ ಮಗ ಹೇಳಿದ್ದು ನಿಜ. ಬ್ಲೆಂಡರ್ ಅಂತ ಒಂದು ತಂತ್ರಾಂಶ ಇದೆ. ಅದನ್ನು 1994ರಲ್ಲಿ ಶುರುಮಾಡಿದವರು ನೆದರ್ಲೆಂಡ್ಸಿನ ಟೋನ್ ರೋಸೆಂದಾಲ್. ಅದನ್ನು ನೋಡಿಕೊಳ್ಳುತ್ತಿದ್ದ ಕಂಪನಿ ಮುಚ್ಚಿಹೋದಾಗ, ಬಳಸುವವರೇ ಏಳು ವಾರದಲ್ಲಿ 1 ಲಕ್ಷ ಯೂರೊ ಕೂಡಿಸಿಕೊಟ್ಟು ಅದನ್ನು ಬಿಡಿಸಿಕೊಂಡರು. 2002ರ ಅಕ್ಟೋಬರಿನಿಂದ ಅದು ಎಲ್ಲರದ್ದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಕೋಡ್ ಬೇಕಾದರೂ ತೆಗೆದು ನೋಡಬಹುದು. ನಾನು ಆನ್ಸಿಗೆ ಹೋಗಿದ್ದ 2019ರಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿ ಕ್ರಿಸ್ಟಲ್ ಗೆದ್ದ ‘ಐ ಲಾಸ್ಟ್ ಮೈ ಬಾಡಿ’ ಚಿತ್ರ ಮಾಡಿದ್ದು ಬ್ಲೆಂಡರಿನಲ್ಲಿ. ನಮ್ಮ ಮಳಿಗೆಯಲ್ಲೂ ಆ ವಾರವೆಲ್ಲ ಅದೇ ಮಾತು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ಕೂಡ ಬ್ಲೆಂಡರಿನದೇ. ನೀರು ಏರಿ ಏರಿ ಊರು ಮುಳುಗುವಾಗ ಒಂದು ಬೆಕ್ಕು ದೋಣಿ ಹತ್ತುವ ಕತೆ, ಒಂದು ಮಾತೂ ಇಲ್ಲ. ಶರಾವತಿ ಹಿನ್ನೀರಿನ ಕಡೆಯವಳಾದ ನನಗೆ ಅದನ್ನು ನೋಡಿ ಮುಗಿಸಿ ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಮಗನ ಜೊತೆ ಕೂತು ನೀವೂ ನೋಡಿ.

ಕೈಯಲ್ಲಿ ಬರೆಯುವವನಾದರೆ ಕೃತಾ ಇದೆ, 2016ರಿಂದ ಅದರಲ್ಲಿ ಅನಿಮೇಷನ್ನೂ ಮಾಡಬಹುದು. ಅದೇ ವರ್ಷ ಓಪನ್‌ಟೂನ್ಜ್ ಕೂಡ ಎಲ್ಲರಿಗೂ ಮುಕ್ತವಾಯಿತು. ಇಟಲಿಯಲ್ಲಿ ಹುಟ್ಟಿ ಜಪಾನಿನ ಘಿಬ್ಲಿ ಸ್ಟುಡಿಯೊ ತನಗೆ ಬೇಕಾದ ಹಾಗೆ ತಿದ್ದಿಕೊಂಡು ಬಳಸಿದ ತಂತ್ರಾಂಶ ಅದು. ಹಳೇ ಲ್ಯಾಪ್‌ಟಾಪ್ ಆಗಿದ್ದರೆ ಪೆನ್ಸಿಲ್‌ಟುಡಿ ಸಾಕು, ಹಗುರ ಇದೆ, ಕಲಿಯಲು ಸುಲಭ. ಒಂದು ಸಾಧಾರಣ ಪೆನ್ ಟ್ಯಾಬ್ಲೆಟ್ ಕೊಡಿಸಿ. ಈಗ ಇಷ್ಟೇ ಖರ್ಚು ಮಾಡಿ, ಇನ್ನೇನೂ ಬೇಡ.

ಲಕ್ಷಗಟ್ಟಲೆ ಕೇಳಿದವರ ವಿಷಯ. ನಾನೂ ಹಿಂದೆ ಒಂದು ಕಡೆ ಸಾಲ ಮಾಡಿ ಫೀಸು ಕಟ್ಟಿದವಳು. ಅಲ್ಲಿ ಆರು ತಿಂಗಳು ಕಲಿಸಿದ್ದು ತಂತ್ರಾಂಶದ ಗುಂಡಿ ಯಾವುದು ಎಲ್ಲಿದೆ ಅನ್ನುವುದನ್ನು. ಮುಂದಿನ ವರ್ಷ ಆ ಗುಂಡಿಗಳೇ ಜಾಗ ಬದಲಿಸಿದವು. ಆದ್ದರಿಂದ ಎಲ್ಲಿ ಸೇರಿಸುವ ಮುಂಚೆಯೂ ಒಂದು ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ಗಂಟೆ ಕಾಗದದ ಮೇಲೆ ಬರೆಸುತ್ತೀರಿ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಅನಿಮೇಷನ್ ಪದವಿ ಇದೆ, ಪ್ರವೇಶ ಪರೀಕ್ಷೆಯಲ್ಲಿ ಚಿತ್ರ ಬರೆಯುವುದಕ್ಕೆ ಬೆಲೆ ಇದೆ. ಪದವಿ ಆದ ಮೇಲಾದರೆ ಮುಂಬೈ ಐಐಟಿಯ ವಿನ್ಯಾಸ ಶಾಲೆ ಐಡಿಸಿಯಲ್ಲೂ ಕಲಿಯಬಹುದು. ಎರಡೂ ಕಷ್ಟದ ಪರೀಕ್ಷೆಗಳೇ. ಮಗ ದಿನಾ ಬರೆಯಲಿ. ಬರೆದದ್ದಕ್ಕೆ ದಿನಾಂಕ ಹಾಕಿ ಒಂದು ಫೈಲಿನಲ್ಲಿಡಿ. ಆರು ತಿಂಗಳಾದ ಮೇಲೆ ಮೊದಲ ಹಾಳೆ, ಕೊನೆಯ ಹಾಳೆ ಪಕ್ಕ ಪಕ್ಕ ಇಟ್ಟು ನೀವೇ ನೋಡಿ. ಕಳಿಸಬೇಕೋ ಬೇಡವೋ ಅನ್ನುವುದು ಆಗ ನಿಮಗೇ ಕಾಣುತ್ತದೆ.

ಪ್ರಶ್ನೆ: ತಂಗೀ, ನಾನು ಹಸೆ ಚಿತ್ತಾರ ಬರೆಯುವವಳು, ಅಮ್ಮನಿಂದ ಕಲಿತದ್ದು. ಒಂದು ಮೇಳದಲ್ಲಿ ನನ್ನ ಚಿತ್ತಾರದ ಫೋಟೊ ತೆಗೆದುಕೊಂಡು, ‘ಇದನ್ನು ಕಂಪ್ಯೂಟರಿನಲ್ಲಿ ಕುಣಿಸುತ್ತೇವೆ’ ಅಂತ ಒಬ್ಬರು ಹೇಳಿದರು. ಹೂಂ ಅಂದುಬಿಟ್ಟೆ. ಈಗ ಹೆದರಿಕೆ ಆಗುತ್ತಿದೆ. ಇನ್ನು ಚಿತ್ತಾರ ಅವರದ್ದೇ ಆಗುತ್ತದಾ? ಅದನ್ನು ಕುಣಿಸಿದರೆ ಚೆನ್ನಾಗಿ ಕಾಣುತ್ತದಾ?
— ಚಿತ್ತಾರ ಬರೆಯುವವರು, ಸಾಗರ ತಾಲ್ಲೂಕು

ಉತ್ತರ: ಅಕ್ಕಾ, ಹೆದರಬೇಡಿ. ದೀವರ ಮನೆಗಳಲ್ಲಿ ತಲೆಮಾರಿನಿಂದ ಬಂದ ಚಿತ್ತಾರದ ಬಗೆ ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ನಿಮ್ಮ ಕೈಯಿಂದ ಆ ಗೋಡೆಯ ಮೇಲೆ, ಆ ಹಲಗೆಯ ಮೇಲೆ ಮೂಡಿದ ಚಿತ್ತಾರ ನಿಮ್ಮದು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ ಇರಬೇಕು, ನಿಮ್ಮ ಸಹಿ ಇರಬೇಕು. ಬಾಯಿಮಾತಿನಲ್ಲಿ ಹೂಂ ಅಂದದ್ದರಿಂದ ಹಕ್ಕು ಅವರದಾಗುವುದಿಲ್ಲ. ಅವರು ಕಾಗದ ತಂದರೆ ಓದಿಸಿಕೊಂಡು ಸಹಿ ಹಾಕಿ. ಎಷ್ಟು ವರ್ಷಕ್ಕೆ, ಯಾವ ಊರು ದೇಶಕ್ಕೆ, ಎಷ್ಟು ದುಡ್ಡು, ನಿಮ್ಮ ಹೆಸರು ಎಲ್ಲಿ ಬರುತ್ತದೆ, ಇವು ನಾಲ್ಕೂ ಅದರಲ್ಲಿರಲಿ. ಕಾಲ ಬರೆಯದೆ ಬಿಟ್ಟರೆ ಕಾಯ್ದೆ ಅದನ್ನು ಐದು ವರ್ಷ ಅಂತಲೇ ಹಿಡಿಯುತ್ತದೆ. ಸಹಿ ಮಾಡಿದ ಕಾಗದದ ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿರಲಿ.

ಕುಣಿಸಿದರೆ ಚೆನ್ನಾಗಿ ಕಾಣುತ್ತದಾ ಅಂತ ಕೇಳಿದ್ದೀರಿ. ಇದಕ್ಕೆ ನನ್ನ ಮನೆಯಲ್ಲೇ ಒಂದು ಉತ್ತರ ಸಿಕ್ಕಿದೆ. ನಮ್ಮ ಪಕ್ಕದ ಊರಿನ ಚಿತ್ತಾರದ ಅಮ್ಮ ಒಬ್ಬರನ್ನು ಹೋದ ಬೇಸಿಗೆಯಲ್ಲಿ ಕರೆದು ಟ್ಯಾಬ್ಲೆಟ್ ಮುಂದೆ ಕೂರಿಸಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಎಳೆದು ಅಭ್ಯಾಸ ಇರುವ ಕೈ. ಕೈ ನಡುಗಿದರೂ ಗೆರೆ ನೆಟ್ಟಗೆ ಬರಲಿ ಅಂತ ನಮ್ಮ ತಂತ್ರಾಂಶದಲ್ಲಿ ಗೆರೆ ತಿದ್ದುವ ಒಂದು ಸೌಲಭ್ಯ ಇದೆ. ಅಮ್ಮ ಪೆನ್ನು ಇಟ್ಟು, ಉಸಿರು ಹಿಡಿದು, ಟ್ಯಾಬ್ಲೆಟ್ಟಿನ ಈ ಅಂಚಿನಿಂದ ಆ ಅಂಚಿಗೆ ನಿಧಾನಕ್ಕೆ ಒಂದೇ ಎಳೆ ಎಳೆದರು. ಪರದೆಯಲ್ಲಿ ಗೆರೆ ಅವರ ಕೈಯ ಹಿಂದೆ ಹಿಂದೆ ಬಂತು. ಅವರು ಪೆನ್ನು ಕೆಳಗಿಟ್ಟು ‘ಇದು ನನ್ನ ಗೆರೆ ಅಲ್ಲ ಮಗಾ, ಯಾರೋ ಕೈ ಹಿಡ್ಕಂಡಾರೆ’ ಅಂದರು. ಸೌಲಭ್ಯ ತೆಗೆದೆ. ಮತ್ತೆ ಎಳೆದರು. ಆ ಗೆರೆಯನ್ನು ಎಂಟು ಪಟ್ಟು ಹಿಗ್ಗಿಸಿ ನೋಡಿದೆ, ಎಲ್ಲೂ ನಡುಕ ಇಲ್ಲ. ಇದ್ದದ್ದು ಒಂದೇ ಕಡೆ, ಅವರು ಉಸಿರು ಬಿಟ್ಟ ಜಾಗದಲ್ಲಿ, ಕೂದಲೆಳೆಯಷ್ಟು ದಪ್ಪ. ಅವತ್ತಿನಿಂದ ನಮ್ಮ ತಂತ್ರಾಂಶ ತೆರೆದಾಗ ಆ ತಿದ್ದುವ ಸೌಲಭ್ಯ ಆಫ್ ಆಗಿಯೇ ಇರುತ್ತದೆ. ಬೇಕಾದವರು ಹಾಕಿಕೊಳ್ಳುತ್ತಾರೆ.

ಚಿತ್ತಾರದ ಮದುಮಕ್ಕಳ ಗೊಂಬೆಗಳಿಗೆ ಕೈಕಾಲು ಕೊಟ್ಟು ಸಿನಿಮಾ ಹಾಡಿನ ಹಾಗೆ ಕುಣಿಸುವುದು ನನಗೆ ಸರಿ ಕಾಣುವುದಿಲ್ಲ. ಚಿತ್ತಾರದ ಚಲನೆ ಬರೆಯುವ ಕೈಯಲ್ಲೇ ಇದೆ. ಮೊದಲು ಹೊರಚೌಕ, ಆಮೇಲೆ ಒಳಗಿನ ಎಳೆಗಳು ಒಂದೊಂದಾಗಿ ಬಂದು ಕೂಡುವುದು, ಕೊನೆಗೆ ಗೊಂಬೆ. ನೀವು ಬರೆಯುವ ಅದೇ ಕ್ರಮದಲ್ಲಿ, ಅದೇ ನಿಧಾನದಲ್ಲಿ ಪರದೆಯ ಮೇಲೆ ಮೂಡಿಸಿದರೆ ನೋಡುವವರು ಕಣ್ಣು ಮಿಟುಕಿಸುವುದಿಲ್ಲ. ಹಾಗಾಗಿ ಫೋಟೊ ಕೇಳಿದವರಿಗೆ ಹೇಳಿ: ಬರೀ ಫೋಟೊ ಬೇಡ, ನಾನು ಬರೆಯುವಾಗ ಬಂದು ಕೂತು ನೋಡಿ, ಆ ದಿನದ ಕೂಲಿಯನ್ನೂ ಕೊಡಿ.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಶಾಲೆಯ ಶಿಕ್ಷಕ. 62 ಮಕ್ಕಳಿದ್ದಾರೆ. ಒಂದು ಲ್ಯಾಪ್‌ಟಾಪ್, ನನ್ನ ಫೋನು ಬಿಟ್ಟರೆ ಬೇರೇನೂ ಇಲ್ಲ. ನಮ್ಮ ಶಾಲೆಯಲ್ಲೂ ಒಂದು ಸಣ್ಣ ಅನಿಮೇಷನ್ ಉತ್ಸವ ಮಾಡಬೇಕು ಅಂತ ಆಸೆ. ಆದೀತಾ? ಯಾವಾಗ ಮಾಡುವುದು?
— ಶಿಕ್ಷಕರು, ರಿಪ್ಪನ್‌ಪೇಟೆ

ಉತ್ತರ: ಆಗುತ್ತದೆ ಮೇಷ್ಟ್ರೇ, ಖಂಡಿತ ಆಗುತ್ತದೆ. ದಿನವೂ ಸಿದ್ಧ ಇದೆ, ಅಕ್ಟೋಬರ್ 28. ಪ್ಯಾರಿಸ್ಸಿನ ಗ್ರೆವಾಂ ಮ್ಯೂಸಿಯಮ್ಮಿನಲ್ಲಿ 1892ರ ಆ ದಿನ ಎಮಿಲ್ ರೆನೊ ಅನ್ನುವವರು ತಾವೇ ಕೈಯಲ್ಲಿ ಬರೆದು ಬಣ್ಣ ಹಚ್ಚಿದ ಚಿತ್ರಗಳ ಉದ್ದನೆಯ ಪಟ್ಟಿಯನ್ನು ತಿರುಗಿಸಿ, ಪರದೆಯ ಮೇಲೆ ಕತೆ ಆಡಿಸಿ ಜನರಿಗೆ ತೋರಿಸಿದರು. ಸಿನಿಮಾ ಹುಟ್ಟುವ ಮುಂಚಿನ ಮಾತು ಅದು. ಆ ನೆನಪಿಗೆ ಈಗ ಅದೇ ದಿನವನ್ನು ಅಂತರರಾಷ್ಟ್ರೀಯ ಅನಿಮೇಷನ್ ದಿನ ಅಂತ ಆಚರಿಸುತ್ತಾರೆ.

ಸಣ್ಣ ಮಕ್ಕಳಿಗೆ ಹಳೇ ಲಗ್ನಪತ್ರಿಕೆ ಸಾಕು. ದುಂಡಗೆ ಕತ್ತರಿಸಿ. ಒಂದು ಬದಿಗೆ ಮಂಡಗದ್ದೆ ಪಕ್ಷಿಧಾಮದ ಮರದ ಕೊಂಬೆ, ಇನ್ನೊಂದು ಬದಿಗೆ ಬೆಳ್ಳಕ್ಕಿ. ಹಿಂಬದಿಯ ಚಿತ್ರ ಮಾತ್ರ ತಲೆಕೆಳಗಾಗಿ ಇರಬೇಕು, ಇಲ್ಲದಿದ್ದರೆ ಹಕ್ಕಿ ಕೊಂಬೆಯ ಮೇಲೆ ತಲೆಕೆಳಗಾಗಿ ಕೂರುತ್ತದೆ. ಎಡಕ್ಕೂ ಬಲಕ್ಕೂ ತೂತು ಮಾಡಿ ದಾರ ಕಟ್ಟಿ, ಎರಡೂ ಕೈಬೆರಳುಗಳಲ್ಲಿ ಹೊಸೆದು ತಿರುಗಿಸಿದರೆ ಬೆಳ್ಳಕ್ಕಿ ಕೊಂಬೆಯ ಮೇಲೆ ಬಂದು ಕೂತಿರುತ್ತದೆ. ಐದಾರನೇ ತರಗತಿಯವರು ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದರಂತೆ ಚಿತ್ರ ಬರೆದು ಹೆಬ್ಬೆರಳಿನಿಂದ ಸರ್ರನೆ ಬಿಡಲಿ. 24 ಪುಟ ಬರೆದರೆ ಎರಡು ಸೆಕೆಂಡ್ ಆಯಿತು, ಮೊದಲ ಸಲಕ್ಕೆ ಧಾರಾಳ.

ದೊಡ್ಡ ಮಕ್ಕಳಿಗೆ ನಿಮ್ಮ ಫೋನು ಕೊಡಿ. ಫೋನು ಅಲುಗಾಡಬಾರದು, ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿ. ಸುಲಿಯದ ಅಡಿಕೆ ಹತ್ತು ಕಾಯಿ ತಂದು ಸಾಲಾಗಿಟ್ಟು, ಬೆರಳಗಲ ಸರಿಸುವುದು, ಕೈ ತೆಗೆಯುವುದು, ಒಂದು ಫೋಟೊ. ಮತ್ತೆ ಬೆರಳಗಲ, ಮತ್ತೊಂದು ಫೋಟೊ. ಕಿಟಕಿಯ ಬೆಳಕು ಮೋಡದ ದಿನ ಹೊತ್ತೊತ್ತಿಗೆ ಬದಲಾಗಿ ಚಿತ್ರ ಮಿನುಗುತ್ತದೆ, ಆದ್ದರಿಂದ ಕಿಟಕಿ ಮುಚ್ಚಿ ಒಂದೇ ಬಲ್ಬು ಹಾಕಿ. 120 ಫೋಟೊ ಆದರೆ ಸೆಕೆಂಡಿಗೆ 12ರಂತೆ ಹತ್ತು ಸೆಕೆಂಡಿನ ಸಿನಿಮಾ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಬ್ಲೆಂಡರ್ ಹಾಕಿದರೆ ಅದರಲ್ಲೇ ಜೋಡಿಸಬಹುದು. ಒಂದು ಗುಂಪಿನಲ್ಲಿ ಐದು ಮಕ್ಕಳಿರಲಿ. ಸರಿಸುವವರು ಇಬ್ಬರು, ಫೋಟೊ ಒತ್ತುವವರು ಒಬ್ಬರು, ಎಣಿಸುವವರು ಒಬ್ಬರು, ಇನ್ನೊಬ್ಬರು ಮೇಜಿಗೆ ಯಾರೂ ತಗುಲದ ಹಾಗೆ ಕಾಯುವವರು. ಕೊನೆಯ ಕೆಲಸ ಎಲ್ಲಕ್ಕಿಂತ ಮುಖ್ಯ, ಅತಿ ಗಲಾಟೆ ಮಾಡುವ ಹುಡುಗನಿಗೆ ಅದನ್ನೇ ಕೊಡಿ.

ಪರದೆಗೆ ಬಿಳಿ ಪಂಚೆ ಸಾಕು. ನೀರಿನಲ್ಲಿ ಅದ್ದಿ ಹಿಂಡಿ ಬಿಗಿಯಾಗಿ ಕಟ್ಟಿ, ಸುಕ್ಕು ನಿಲ್ಲುವುದಿಲ್ಲ. ಸಿನಿಮಾ ಶುರುವಾಗುವ ಮುಂಚೆ 62 ಮಕ್ಕಳ ಕೈಗೂ ಒಂದೊಂದು ಹಳೇ ಪತ್ರಿಕೆಯ ಹಾಳೆ ಕೊಡಿ, ವಿಮಾನ ಮಡಚಿ ಪಂಚೆಯ ಕಡೆ ಹಾರಿಸಲಿ. ಅಕ್ಟೋಬರ್ 28ಕ್ಕೆ ನಾನು ಊರಲ್ಲೇ ಇರುತ್ತೇನೆ. ಪ್ರೊಜೆಕ್ಟರ್ ನನ್ನ ಹತ್ತಿರ ಇದೆ, ಎಕ್ಸ್‌ಟೆನ್ಷನ್ ಬಾಕ್ಸನ್ನೂ ನಾನೇ ತರುತ್ತೇನೆ. ಸಂಜೆ ಎಷ್ಟು ಗಂಟೆಗೆ ಕತ್ತಲಾಗುತ್ತದೆ ನೋಡಿ, ಅದಕ್ಕೂ ಒಂದು ಗಂಟೆ ಮುಂಚೆ ಬರುತ್ತೇನೆ.